ಬಂದೋಬಸ್ತಿಗೆ ಹೋದ ತನಿಖೆ

"ನಿಲ್ಸು, ನಿಲ್ಸು. ಆ ಹುಡುಗಿ ವಿಷಯ ಎಲ್ಲಿಗೆ ಬಂತು?"

ಅಪ್ಪ ಹೀಗೆ ಕೇಳಿದಾಗ ಸಿನಿಮಾ ಶುರುವಾಗಿ ಮುಕ್ಕಾಲು ಗಂಟೆಯ ಮೇಲಾಗಿತ್ತು. ನಾನು ರಿಮೋಟ್ ಒತ್ತಿದೆ. ಪರದೆಯ ಮೇಲೆ ಜರ್ಮನ್ ಅಧಿಕಾರಿಗಳು ನಿಂತಲ್ಲೇ ನಿಂತರು. ಹೊರಗೆ ಮಳೆ ಮಾತ್ರ ನಿಲ್ಲಲಿಲ್ಲ.

ಜುಲೈ ತಿಂಗಳ ಒಂದು ಭಾನುವಾರ. ನಾನು ಬೆಂಗಳೂರಿನಿಂದ ಶಿವಮೊಗ್ಗಕ್ಕೆ ಬಂದು ಎರಡು ದಿನವಾಗಿತ್ತು. ಬೆಳಿಗ್ಗೆ ಹಾಲಿಗೆ ಹೋದವರು, ಕೋರ್ಪಲಯ್ಯನ ಛತ್ರದ ಹತ್ತಿರ ಹೊಳೆಯೊಳಗಿನ ಮಂಟಪ ಮುಳುಗಿದೆ ಎಂದು ಸುದ್ದಿ ತಂದಿದ್ದರು. ನಮ್ಮೂರಿನಲ್ಲಿ ತುಂಗೆ ತುಂಬಿದ್ದಕ್ಕೆ ಅದೇ ಲೆಕ್ಕ. ಬೇರೆ ವರ್ಷವಾಗಿದ್ದರೆ ಅಪ್ಪ ಕೊಡೆ ಹಿಡಿದು ನೋಡಲು ಹೊರಟೇಬಿಡುತ್ತಿದ್ದರು. ಈಗ ಮೊಣಕಾಲು ಬಿಡುವುದಿಲ್ಲ. ಅದಕ್ಕೇ ನಾನು ಸಿನಿಮಾ ಹಾಕಿದ್ದು.

ಅಪ್ಪ ಪೊಲೀಸ್ ಇಲಾಖೆಯಲ್ಲಿ ಸಬ್ ಇನ್ಸ್‌ಪೆಕ್ಟರ್ ಆಗಿ ಸೇರಿ ಸರ್ಕಲ್ ಇನ್ಸ್‌ಪೆಕ್ಟರ್ ಆಗಿ ನಿವೃತ್ತರಾದವರು. ಕೊಲೆ, ತನಿಖೆ ಇರುವ ಸಿನಿಮಾ ಅವರಿಗೆ ಸೇರುವುದಿಲ್ಲ. ಎರಡೇ ದಿನದಲ್ಲಿ ಎಲ್ಲ ಸುಳಿವೂ ಸಿಕ್ಕಿಬಿಡುತ್ತೆ, ಪಾಪ ಕಾನ್‌ಸ್ಟೇಬಲ್ ಕಾಲು ಸವೆಸಿದ್ದನ್ನು ಯಾರೂ ತೋರಿಸಲ್ಲ ಅನ್ನುತ್ತಾರೆ. ಆದರೆ ಈ ಸಿನಿಮಾದಲ್ಲಿ ಪೀಟರ್ ಓಟೂಲ್ ಮತ್ತು ಒಮರ್ ಷರೀಫ್ ಇದ್ದಾರೆ ಎಂದ ಕೂಡಲೇ ಒಪ್ಪಿಕೊಂಡರು. ಟ್ರೈನಿಂಗಿನಲ್ಲಿದ್ದಾಗ ಮೈಸೂರಿನಲ್ಲಿ 'ಲಾರೆನ್ಸ್ ಆಫ್ ಅರೇಬಿಯಾ' ನೋಡಿದ್ದರಂತೆ. ದೂರದ ಮರಳಿನಲ್ಲಿ ಚುಕ್ಕಿಯಾಗಿ ಕಾಣಿಸಿಕೊಂಡು ಹತ್ತಿರ ಹತ್ತಿರ ಬರುವ ಒಮರ್ ಷರೀಫ್‌ನನ್ನು ಅವರು ಇವತ್ತಿಗೂ ಮರೆತಿಲ್ಲ.

ನಾನು ಹಾಕಿದ್ದು 'ದಿ ನೈಟ್ ಆಫ್ ದಿ ಜನರಲ್ಸ್'. 1967ರ ಸಿನಿಮಾ. ನಿರ್ದೇಶಕ ಅನಾಟೋಲ್ ಲಿಟ್ವಾಕ್. ಲಾರೆನ್ಸ್ ಚಿತ್ರದ ನಿರ್ಮಾಪಕ ಸ್ಯಾಮ್ ಸ್ಪೀಗಲ್ ಅವರೇ ಇದಕ್ಕೂ ನಿರ್ಮಾಪಕ. ಸಂಗೀತವೂ ಅದೇ ಮೌರಿಸ್ ಜಾರ್ ಅವರದ್ದು. ಕಥೆ ಜರ್ಮನ್ ಲೇಖಕ ಹಾನ್ಸ್ ಹೆಲ್ಮುಟ್ ಕಿರ್ಸ್ಟ್ ಅವರ ಕಾದಂಬರಿಯಿಂದ ಬಂದದ್ದು. ಎರಡನೇ ಮಹಾಯುದ್ಧದ ನಡುವೆ ನಡೆದ ಒಂದು ಕೊಲೆ, ಅದರ ಬೆನ್ನು ಹತ್ತಿದ ಒಬ್ಬ ಅಧಿಕಾರಿ. ಇಷ್ಟು ಸಾಕಲ್ವಾ ಒಂದು ಮಳೆಗಾಲದ ಮಧ್ಯಾಹ್ನಕ್ಕೆ?

ಶುರುವಾದದ್ದಂತೂ ಚೆನ್ನಾಗಿಯೇ ಇತ್ತು. 1942, ವಾರ್ಸಾ. ಪೋಲೆಂಡ್ ಜರ್ಮನ್ನರ ಕೈಯಲ್ಲಿದೆ. ಒಂದು ಹಳೇ ಮನೆ, ಮೆಟ್ಟಿಲು. ಮೇಲಿನಿಂದ ಹೆಣ್ಣಿನ ಚೀರಾಟ. ಆ ಮನೆಯ ಒಬ್ಬ ಮನುಷ್ಯ ಹೆದರಿ ಪಾಯಖಾನೆಯಲ್ಲಿ ಅಡಗಿ ಕೂತಿದ್ದಾನೆ. ಬಾಗಿಲಿನಲ್ಲಿ ಒಂದು ಸಂದು. ಕೊಲೆಗಾರ ಇಳಿದು ಹೋಗುವಾಗ ಆ ಸಂದಿನಲ್ಲಿ ಅವನ ಮುಖ ಕಾಣುವುದಿಲ್ಲ. ಪ್ಯಾಂಟ್ ಮಾತ್ರ ಕಾಣುತ್ತದೆ. ಪ್ಯಾಂಟಿನ ಪಕ್ಕದಲ್ಲಿ ಅಗಲವಾದ ಕೆಂಪು ಪಟ್ಟಿ. ಜರ್ಮನ್ ಸೈನ್ಯದಲ್ಲಿ ಅಂಥ ಪ್ಯಾಂಟ್ ಹಾಕುವವರು ಜನರಲ್‌ಗಳು.

ಅಪ್ಪ ದಿಂಬು ಸರಿಸಿ ನೆಟ್ಟಗೆ ಕೂತರು.

"ಇದು ಸಾಕ್ಷಿ ಅಂದ್ರೆ. ಹೆದರಿದವನು ಸುಳ್ಳು ಕಟ್ಟಲ್ಲ. ಕಂಡಷ್ಟೇ ಹೇಳ್ತಾನೆ. ಮುಖ ಕಂಡೆ ಅಂದಿದ್ರೆ ನಾನು ನಂಬ್ತಿರಲಿಲ್ಲ."

ಸತ್ತ ಹೆಂಗಸು ವೇಶ್ಯೆ. ಜೊತೆಗೆ ಜರ್ಮನ್ನರಿಗೆ ಸುದ್ದಿ ಕೊಡುತ್ತಿದ್ದವಳು. ಹಾಗಾಗಿ ಸೈನ್ಯದ ಗುಪ್ತಚರ ವಿಭಾಗದ ಮೇಜರ್ ಗ್ರಾವ್ ತನಿಖೆಗೆ ಬರುತ್ತಾನೆ. ಅದೇ ಒಮರ್ ಷರೀಫ್. ಆ ರಾತ್ರಿ ಎಲ್ಲಿದ್ದೆವು ಎಂದು ಸರಿಯಾಗಿ ಹೇಳಲಾಗದ ಜನರಲ್‌ಗಳು ಮೂವರು. ಟಾಂಜ್, ಕಾಲೆನ್‌ಬೆರ್ಗೆ, ಸೈಡ್ಲಿಟ್ಸ್ ಗಾಬ್ಲರ್. ಟಾಂಜ್ ಪಾತ್ರ ಪೀಟರ್ ಓಟೂಲ್ ಅವರದ್ದು. ಮೇಜರ್ ಒಬ್ಬ ಜನರಲ್ ಒಬ್ಬರ ಮನೆ ಬಾಗಿಲು ತಟ್ಟಿ, ಆ ರಾತ್ರಿ ಎಲ್ಲಿದ್ದಿರಿ ಸಾರ್ ಎಂದು ಕೇಳಬೇಕು. ಅದರ ಕಷ್ಟ ಅಪ್ಪನಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಸುಮ್ಮನೆ ತಲೆಯಾಡಿಸುತ್ತಾ ನೋಡುತ್ತಿದ್ದರು.

ಆಮೇಲೆ ಸಿನಿಮಾ ತಲೆ ತಿರುಗಿಸಲು ಶುರು ಮಾಡಿತು. ಸೈಡ್ಲಿಟ್ಸ್ ಗಾಬ್ಲರ್ ಹೆಂಡತಿಯ ದರ್ಬಾರು. ಅವರ ಮಗಳು ಉಲ್‌ರಿಕೆ. ಯುದ್ಧವೆಂದರೆ ಹೆದರುವ, ಆದರೆ ವೀರ ಎಂದು ಹೆಸರಾಗಿಬಿಟ್ಟಿರುವ ಹಾರ್ಟ್‌ಮನ್ ಎಂಬ ಕಾರ್ಪೊರಲ್. ಅವರಿಬ್ಬರ ಪ್ರೀತಿ. ಒಂದು ಪಾರ್ಟಿ. ಅಪ್ಪ ನಿಲ್ಸು ಅಂದದ್ದು ಇಲ್ಲಿಯೇ.

"ಈಗ ಬರುತ್ತೆ ಅಪ್ಪ" ಎಂದು ನಾನು ಮುಂದಕ್ಕೆ ಬಿಟ್ಟೆ.

ಬಂದದ್ದು ಬೇರೆಯೇ. ವಾರ್ಸಾದ ಒಂದು ಬಡಾವಣೆಯನ್ನು ಟಾಂಜ್ ಶೋಧಿಸುವ ದೃಶ್ಯ. ಬೀದಿ ಬೀದಿಗೆ ಸೈನಿಕರು ನುಗ್ಗುತ್ತಾರೆ. ಜನರನ್ನು ಹೊರಗೆಳೆಯುತ್ತಾರೆ. ಎದುರು ನಿಂತರೆ ಮನೆಗೆ ಬೆಂಕಿ ಉಗುಳುವ ಯಂತ್ರ. ಟಾಂಜ್ ತನ್ನ ಗಾಡಿಯಲ್ಲಿ ನೆಟ್ಟಗೆ ನಿಂತಿರುತ್ತಾನೆ. ಬಟ್ಟೆಯ ಮೇಲೆ ಒಂದು ಚೂರು ಧೂಳಿಲ್ಲ. ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದ ಅಮ್ಮ ಬಾಗಿಲಲ್ಲೇ ನಿಂತು ನೋಡಿದರು.

"ಇಷ್ಟು ಜನ ಸತ್ತರಲ್ಲ, ಇದಕ್ಕೆ ಕೇಸ್ ಇಲ್ವಾ?"

ಇಡೀ ಸಿನಿಮಾ ಕೇಳಬೇಕಾಗಿದ್ದ ಪ್ರಶ್ನೆ ಅದು. ಗ್ರಾವ್‌ನಿಗೂ ಅದನ್ನೇ ಬೇರೆ ಬೇರೆ ರೀತಿಯಲ್ಲಿ ಕೇಳುತ್ತಾರೆ. ದಿನಕ್ಕೆ ಸಾವಿರಾರು ಜನ ಸಾಯುವ ಕಡೆ ಒಬ್ಬ ವೇಶ್ಯೆಯ ಸಾವಿಗೆ ಯಾಕಿಷ್ಟು ಒದ್ದಾಡುತ್ತೀಯ ಎಂದು. ಅವನ ಉತ್ತರದ ತಾತ್ಪರ್ಯ ಇಷ್ಟು: ದೊಡ್ಡ ಲೆಕ್ಕದಲ್ಲಿ ಕೊಂದವರಿಗೆ ಪದಕ ಕೊಡುತ್ತೇವೆ, ಅದನ್ನು ನಾನು ತಡೆಯಲಾರೆ. ಸಣ್ಣ ಲೆಕ್ಕದಲ್ಲಿ ಕೊಂದವನನ್ನಾದರೂ ಹಿಡಿಯಬಹುದಲ್ಲ. ಒಮರ್ ಷರೀಫ್ ಇದನ್ನು ಭಾಷಣ ಮಾಡುವುದಿಲ್ಲ. ಮುಗುಳ್ನಗುತ್ತಾ ಹೇಳುತ್ತಾರೆ. ಆ ನಗುವಿನ ಹಿಂದೆ ಒಂದು ಹಟ ಇದೆ. ಈಜಿಪ್ಟಿನ ನಟ ಜರ್ಮನ್ ಅಧಿಕಾರಿಯಾಗುವುದು ಒಪ್ಪುವುದಿಲ್ಲ ಎಂದು ಯಾರಾದರೂ ಅಂದರೆ ನಾನು ಈ ಹಟವನ್ನೇ ತೋರಿಸುತ್ತೇನೆ.

ವಾರ್ಸಾ ಎಂಬ ಊರಿನ ಹಿನ್ನೆಲೆ ಗೊತ್ತಿದ್ದರೆ ಈ ಪ್ರಶ್ನೆ ಇನ್ನೂ ಭಾರವಾಗುತ್ತದೆ. 1942ರ ಬೇಸಿಗೆಯಲ್ಲೇ ಅಲ್ಲಿನ ಘೆಟ್ಟೋದಿಂದ, ಅಂದರೆ ಯಹೂದಿಗಳನ್ನು ಕೂಡಿಹಾಕಿದ್ದ ಕೇರಿಯಿಂದ, ಎರಡೂವರೆ ಲಕ್ಷಕ್ಕೂ ಹೆಚ್ಚು ಯಹೂದಿಗಳನ್ನು ರೈಲಿಗೆ ತುಂಬಿ ಟ್ರೆಬ್ಲಿಂಕಾದ ಕೊಲ್ಲುವ ಶಿಬಿರಕ್ಕೆ ಕಳಿಸಿದರು. ಮರುವರ್ಷ ಘೆಟ್ಟೋ ತಿರುಗಿಬಿತ್ತು, ಅದನ್ನೂ ಸುಟ್ಟರು. ಯುದ್ಧ ಮುಗಿಯುವ ಹೊತ್ತಿಗೆ ನಗರದ ಬಹುಭಾಗ ನೆಲಸಮ. ಅಂಥ ಊರಿನಲ್ಲಿ ಒಂದು ಮನೆ, ಒಂದು ಮೆಟ್ಟಿಲು, ಒಬ್ಬ ಹೆಂಗಸು. ಅವಳಿಗಾಗಿ ಮರುಗುವ ಒಬ್ಬ ಶತ್ರು ಅಧಿಕಾರಿ. ಇದೊಂದನ್ನೇ ಬಿಗಿಯಾಗಿ ಹಿಡಿದಿದ್ದರೆ! ಆದರೆ ಸಿನಿಮಾ ಗ್ರಾವ್‌ನನ್ನೇ ಅಲ್ಲಿಂದ ಎತ್ತಿಬಿಡುತ್ತದೆ. ಬಡ್ತಿ ಕೊಟ್ಟು ಪ್ಯಾರಿಸ್‌ಗೆ ವರ್ಗ.

"ಆಯ್ತು, ಎತ್ತಂಗಡಿ" ಎಂದರು ಅಪ್ಪ. ಅವರ ದನಿಯಲ್ಲಿ ಆಶ್ಚರ್ಯವೇ ಇರಲಿಲ್ಲ.

ಅಷ್ಟರಲ್ಲಿ ಕರೆಂಟ್ ಹೋಯಿತು.

ಮಳೆಗಾಲದಲ್ಲಿ ಹೋದ ಕರೆಂಟಿಗೆ ಹೊತ್ತುಗೊತ್ತು ಇಲ್ಲ. ಅಮ್ಮ ದೀಪ ಹಚ್ಚಿಟ್ಟು, ಬಿಸಿ ಬಿಸಿ ಮಂಡಕ್ಕಿ ಒಗ್ಗರಣೆ ತಂದುಕೊಟ್ಟರು. ಅಪ್ಪ ಕಿಟಕಿ ಕಡೆ ನೋಡುತ್ತಾ ಒಂದು ಕೇಸಿನ ಕಥೆ ತೆಗೆದರು. ನಾನು ಅದನ್ನು ಮೊದಲು ಕೇಳಿರಲಿಲ್ಲ.

1980ರ ದಶಕ. ಅಪ್ಪ ಆಗ ಒಂದು ಸಣ್ಣ ಠಾಣೆಯ ಸಬ್ ಇನ್ಸ್‌ಪೆಕ್ಟರ್. ಭದ್ರಾ ನಾಲೆಯಲ್ಲಿ ಒಂದು ಹೆಣ ತೇಲಿಬಂತು. ಹೆಂಗಸು. ನೀರಿಗೆ ಬಿದ್ದು ಸತ್ತದ್ದಲ್ಲ. ಕುತ್ತಿಗೆ ಮೇಲೆ ಗುರುತಿತ್ತು. ಪಂಚರನ್ನು ಕರೆಸಿ ಶವ ಪಂಚನಾಮೆ ಮಾಡಿದರು. ಪೋಸ್ಟ್‌ಮಾರ್ಟಂ ವರದಿ ಬಂತು, ಕೊಲೆಯ ಕಲಮು 302 ಹಾಕಿದರು. ಆದರೆ ಅವಳು ಯಾರು ಅಂತಲೇ ಗೊತ್ತಿಲ್ಲ. ಸುತ್ತಲಿನ ಯಾವ ಠಾಣೆಯಲ್ಲೂ ಕಾಣೆಯಾದವರ ದೂರಿಲ್ಲ. ಫೋಟೋ ಹಿಡಿದು ಹಳ್ಳಿ ಹಳ್ಳಿ ತಿರುಗಿದರು. ಯಾರೂ ನಮ್ಮವಳು ಅನ್ನಲಿಲ್ಲ.

"ಒಂದೇ ಒಂದು ಎಳೆ ಸಿಕ್ತು. ರವಿಕೆ ಅಂಚಲ್ಲಿ ಮಡಿವಾಳರ ಗುರುತು. ಕಪ್ಪು ಶಾಯಿ, ಎರಡು ಗೀಟು, ಒಂದು ಚುಕ್ಕಿ."

ಬಟ್ಟೆ ಒಗೆಯುವವರು ತಮ್ಮ ತಮ್ಮ ಮನೆಗಳ ಬಟ್ಟೆಗೆ ಹಾಕುವ ಗುರುತು ಅದು. ಒಬ್ಬೊಬ್ಬರದ್ದು ಒಂದೊಂದು. ಅಪ್ಪ ಮತ್ತು ಒಬ್ಬ ಕಾನ್‌ಸ್ಟೇಬಲ್ ಆ ರವಿಕೆ ಹಿಡಿದು ಊರೂರಿನ ದೋಬಿಘಾಟ್ ಸುತ್ತಿದರು. ಆರನೇ ದಿನ ಒಬ್ಬ ಮುದುಕ, ಇದು ನಮ್ಮ ಕಡೆಯದ್ದಲ್ಲ, ಕಬ್ಬು ಕಡಿಯಲು ಬಂದ ಗುಂಪಿನವರ ಬಟ್ಟೆಯಲ್ಲಿ ಇಂಥದ್ದು ಕಂಡಿದ್ದೆ ಎಂದ. ಆ ಗುಂಪು ನಾಲೆ ದಂಡೆಯಲ್ಲೇ ಗುಡಿಸಲು ಹಾಕಿಕೊಂಡಿತ್ತು. ಅಪ್ಪ ಮಾರನೇ ಬೆಳಿಗ್ಗೆ ಅಲ್ಲಿಗೆ ಹೊರಡಬೇಕು. ರಾತ್ರಿ ವೈರ್‌ಲೆಸ್ ಬಂತು. ಬಂದೋಬಸ್ತಿಗೆ ಬಾ.

"ಎಷ್ಟು ದಿನ?"

"ಹನ್ನೊಂದು."

ಬಂದೋಬಸ್ತ್ ಬೇಡ ಅನ್ನಲು ಆಗುವುದಿಲ್ಲ. ಗಲಾಟೆ ಆಗುವ ಕಡೆ ಪೊಲೀಸರು ಇರಲೇಬೇಕು. ಅದೂ ದೊಡ್ಡ ಕೆಲಸವೇ. ಅಪ್ಪ ಅದನ್ನು ತುಂಬ ಸಮಾಧಾನದಿಂದ ಹೇಳಿದರು. ಹನ್ನೆರಡನೇ ದಿನ ವಾಪಸ್ ಬಂದು ನಾಲೆ ದಂಡೆಗೆ ಹೋದರೆ ಗುಡಿಸಲಿಲ್ಲ. ಮೂರು ಕಲ್ಲಿನ ಒಲೆಗಳು, ಬೂದಿ, ಕಬ್ಬಿನ ಸೋಗೆ. ಗುಂಪು ಎಲ್ಲಿಗೆ ಹೋಯಿತು ಎಂದು ಮೇಸ್ತ್ರಿಗೂ ಸರಿಯಾಗಿ ಗೊತ್ತಿರಲಿಲ್ಲ. ಕೊನೆಗೆ ಸಿ ರಿಪೋರ್ಟ್. ಅಂದರೆ, ಕೊಲೆ ಆಗಿದ್ದು ನಿಜ, ಮಾಡಿದವರು ಪತ್ತೆಯಾಗಲಿಲ್ಲ.

ನಾನು ಏನೂ ಮಾತಾಡಲಿಲ್ಲ. ಅಮ್ಮ ತಟ್ಟೆ ತೆಗೆದುಕೊಂಡು ಒಳಗೆ ಹೋದರು. ಒಂದು ಗಂಟೆಯ ಮೇಲೆ ಕರೆಂಟ್ ಬಂತು. ಟಿವಿ ತಾನಾಗಿಯೇ ಹತ್ತಿಕೊಂಡಿತು.

ಈಗ ಪ್ಯಾರಿಸ್. 1944ರ ಜುಲೈ. ಮೂವರು ಜನರಲ್‌ಗಳೂ ಇಲ್ಲಿ ಬಂದು ಸೇರುತ್ತಾರೆ. ಗ್ರಾವ್ ಮತ್ತೆ ಬೆನ್ನು ಹತ್ತುತ್ತಾನೆ. ಫ್ರೆಂಚ್ ಪೊಲೀಸ್ ಅಧಿಕಾರಿ ಮೊರಾನ್ ಜೊತೆ ಅವನದ್ದೊಂದು ಒಪ್ಪಂದ ಆಗುತ್ತದೆ. ನೀನು ಈ ಮೂವರ ಬಗ್ಗೆ ಮಾಹಿತಿ ತಂದುಕೊಡು, ನಾನು ನಿಮ್ಮ ಹೋರಾಟಗಾರರನ್ನು ಸೆರೆಯಿಂದ ಬಿಡಿಸುತ್ತೇನೆ. ಫಿಲಿಪ್ ನ್ವಾರೆ ಈ ಮೊರಾನ್ ಪಾತ್ರವನ್ನು ಎಷ್ಟು ಮೆತ್ತಗೆ ಮಾಡಿದ್ದಾರೆ ಅಂದರೆ, ಅವರು ಬಂದಾಗಲೆಲ್ಲ ಸಿನಿಮಾ ಮತ್ತೆ ದಾರಿಗೆ ಬಂದ ಹಾಗೆ ಅನಿಸುತ್ತದೆ. ಶತ್ರು ದೇಶಗಳ ಇಬ್ಬರು ಪತ್ತೇದಾರರು ಒಂದು ಹೆಣದ ಮುಂದೆ ಕೆಲಸದವರಾಗಿ ನಿಲ್ಲುತ್ತಾರೆ. ಅಪ್ಪ ಇಲ್ಲೆಲ್ಲ ಮುಂದಕ್ಕೆ ಬಾಗಿ ನೋಡಿದರು.

ಆದರೆ ಪ್ಯಾರಿಸ್‌ಗೆ ಬಂದ ಸಿನಿಮಾಕ್ಕೆ ಇನ್ನೂ ಒಂದು ಆಸೆ. ಹಿಟ್ಲರ್ ಕೊಲೆಯ ಸಂಚನ್ನೂ ಹೇಳಬೇಕು. ಕಾಲೆನ್‌ಬೆರ್ಗೆ ಆ ಸಂಚಿನಲ್ಲಿ ಇರುವವನು. ಹಾಗಾಗಿ ಸಭೆಗಳು, ಪಿಸುಮಾತು, ಟೆಲಿಫೋನು. ಬಾಂಬ್ ಇಡುವ ಅಧಿಕಾರಿ ಸ್ಟೌಫೆನ್‌ಬೆರ್ಗ್ ಬರುತ್ತಾನೆ, ಬಾಂಬಿನ ಚೀಲ ಬರುತ್ತದೆ. ಫೀಲ್ಡ್ ಮಾರ್ಷಲ್ ರೊಮೆಲ್ ಕೂಡ ಬರುತ್ತಾನೆ. ಆ ಪಾತ್ರದ ಕ್ರಿಸ್ಟೋಫರ್ ಪ್ಲಮ್ಮರ್ ಅವರನ್ನು ಗುರುತು ಹಿಡಿಯುವಷ್ಟರಲ್ಲಿ ರೊಮೆಲ್ ಕಾರಿನ ಮೇಲೆ ವಿಮಾನದಿಂದ ಗುಂಡಿನ ಮಳೆ. ಅವನು ಹೋದ. ನಮ್ಮ ಕಥೆಗೆ ಅವನು ಯಾಕೆ ಬೇಕಿತ್ತು?

ಇವೆಲ್ಲ ನಡೆದದ್ದು ನಿಜ. ರೊಮೆಲ್ ಗಾಯಗೊಂಡದ್ದು ಜುಲೈ 17ಕ್ಕೆ. ಮೂರು ದಿನದ ಮೇಲೆ, ಜುಲೈ 20ರ ಮಧ್ಯಾಹ್ನ, ಪೂರ್ವ ಪ್ರಷ್ಯಾದ ಹಿಟ್ಲರ್ ನೆಲೆಯಲ್ಲಿ ಬಾಂಬ್ ಸಿಡಿಯಿತು. ಚೀಲ ಮೇಜಿನ ದಪ್ಪ ಕಾಲಿನ ಆಚೆ ಬದಿಗೆ ಸರಿದಿತ್ತು. ನಾಲ್ವರು ಸತ್ತರು. ಹಿಟ್ಲರ್ ಸಾಯಲಿಲ್ಲ. ಆದರೆ ಆ ರಾತ್ರಿ ಪ್ಯಾರಿಸ್‌ನಲ್ಲಿ ಸಂಚು ಗೆದ್ದೇಬಿಟ್ಟಿತು ಎಂಬ ಹಾಗೆ ಕೆಲಸ ನಡೆದಿತ್ತು. ಅಲ್ಲಿನ ಸೇನಾ ಮುಖ್ಯಸ್ಥ ಶ್ಟ್ಯುಲ್ಪ್‌ನಾಗೆಲ್ ಆಜ್ಞೆ ಮೇಲೆ ಹಿಟ್ಲರ್ ಪಕ್ಷದ ಪಡೆಯಾದ ಎಸ್‌ಎಸ್ ಮತ್ತು ಭದ್ರತಾ ಪೊಲೀಸರಲ್ಲಿ ಸುಮಾರು 1,200 ಜನರನ್ನು ಸೈನಿಕರು ಬಂಧಿಸಿಟ್ಟಿದ್ದರು. ಹಿಟ್ಲರ್ ಬದುಕಿದ್ದಾನೆ ಎಂದು ಖಾತ್ರಿಯಾದ ಮೇಲೆ ಅವರನ್ನು ಬಿಡಬೇಕಾಯಿತು. ಬರ್ಲಿನ್‌ಗೆ ಬಾ ಎಂದು ಕರೆ ಬಂದಾಗ ಶ್ಟ್ಯುಲ್ಪ್‌ನಾಗೆಲ್ ದಾರಿಯಲ್ಲಿ ವೆರ್ದಾಂ ಹತ್ತಿರ ಕಾರು ನಿಲ್ಲಿಸಿ ತಲೆಗೆ ಗುಂಡು ಹಾರಿಸಿಕೊಂಡ. ಸಾವು ಬರಲಿಲ್ಲ, ಕಣ್ಣು ಹೋಯಿತು. ಆ ಕುರುಡನನ್ನೇ ಆಗಸ್ಟ್ 30ರಂದು ನೇಣಿಗೆ ಹಾಕಿದರು. ನಾನು ಇದನ್ನೆಲ್ಲ ಅಪ್ಪನಿಗೆ ಹೇಳಿದೆ. ನನಗೆ ಈ ಇತಿಹಾಸ ಅಂದರೆ ಪ್ರಾಣ. ಓದಿದ್ದು ಜಾಸ್ತಿ.

"ಇದು ಇನ್ನೊಂದು ಸಿನಿಮಾ ಅಲ್ವಾ?" ಎಂದರು ಅಪ್ಪ.

ಹೌದು. ಇದು ಇನ್ನೊಂದು ಸಿನಿಮಾ. ಅದೂ ಪೂರ್ತಿ ಎರಡೂವರೆ ಗಂಟೆ ಬೇಡುವಂಥದ್ದು. ಇಲ್ಲಿ ಅದು ಕೊಲೆ ತನಿಖೆಯ ಜಾಗ ಕಬಳಿಸಿತು, ತನಗೂ ಸಾಕಷ್ಟು ಜಾಗ ಸಿಗಲಿಲ್ಲ.

ಅಪ್ಪ ಆಗ ಹೇಳಿದ ಮಾತು ನನಗೆ ಪೂರ್ತಿ ನೆನಪಿದೆ. "ಇವರು ತನಿಖೇನ ಬಂದೋಬಸ್ತಿಗೆ ಕಳಿಸಿಬಿಟ್ರು ಕಣೋ. ಅಲ್ಲಿ ನಡೀತಿರೋದು ದೊಡ್ಡದೇ. ಅಲ್ಲ ಅನ್ನಲ್ಲ. ಆದ್ರೆ ವಾಪಸ್ ಬರೋ ಹೊತ್ತಿಗೆ ಗುಡಿಸಲು ಖಾಲಿ."

ಇದರ ನಡುವೆಯೇ ಸಿನಿಮಾದ ಅತ್ಯಂತ ಒಳ್ಳೆಯ ಭಾಗವೂ ಇದೆ. ಸಂಚಿನ ಹೊತ್ತಿನಲ್ಲಿ ಟಾಂಜ್ ಅಡ್ಡ ಬರಬಾರದು ಎಂದು ಕಾಲೆನ್‌ಬೆರ್ಗೆ ಅವನಿಗೆ ರಜೆ ಕೊಡಿಸಿ, ಊರು ನೋಡಲು ಕಳಿಸುತ್ತಾನೆ. ಕಾರು ಓಡಿಸಲು ಹಾರ್ಟ್‌ಮನ್. ಟಾಂಜ್ ಮೊದಲು ಕಾರಿನ ಧೂಳು ನೋಡುತ್ತಾನೆ. ಕೈಗವಸು ನೋಡುತ್ತಾನೆ. ಎಲ್ಲವೂ ಚೊಕ್ಕ ಇರಬೇಕು. ಹಿಂದಿನ ಸೀಟಿನಲ್ಲಿ ಕೂತು ಕುಡಿಯುತ್ತಾನೆ, ಆದರೆ ಬೆನ್ನು ಬಾಗುವುದಿಲ್ಲ. ಕನ್ನಡಿಯಲ್ಲಿ ಅವನನ್ನು ನೋಡುವ ಹಾರ್ಟ್‌ಮನ್‌ನ ಕಣ್ಣಿನಲ್ಲಿ ನಾವೂ ಹೆದರುತ್ತೇವೆ. ಹಾರ್ಟ್‌ಮನ್ ಪಾತ್ರದ ಟಾಮ್ ಕೋರ್ಟ್ನಿ ಅವರಿಗೆ ಇಲ್ಲಿ ಮಾತು ಕಡಿಮೆ. ಕುತ್ತಿಗೆಯ ನರದಲ್ಲೇ ಅಭಿನಯ.

ಒಂದು ಚಿತ್ರಶಾಲೆಗೆ ಹೋಗುತ್ತಾರೆ. ಅಲ್ಲಿ ವ್ಯಾನ್ ಗೋ ತನ್ನನ್ನೇ ಬರೆದುಕೊಂಡ ಒಂದು ಚಿತ್ರ. ಟಾಂಜ್ ಅದರ ಮುಂದೆ ನಿಲ್ಲುತ್ತಾನೆ. ಮುಖದ ಮೇಲೆ ಬೆವರು. ಕಣ್ಣು ಅದುರುತ್ತದೆ. ಕೈ ನಡುಗುತ್ತದೆ. ಬೀದಿಗೆ ಬೀದಿಯನ್ನೇ ಸುಡುವಾಗ ಅದುರದ ಮನುಷ್ಯ, ಹುಚ್ಚಿನ ಅಂಚಿನಲ್ಲಿದ್ದ ಒಬ್ಬ ಚಿತ್ರಕಾರನ ಕಣ್ಣಿನ ಎದುರು ಕುಸಿಯುತ್ತಾನೆ. ಮಾರನೇ ದಿನ ಮತ್ತೆ ಅಲ್ಲಿಗೇ ಹೋಗುತ್ತಾನೆ. ಮತ್ತೆ ಅದೇ ಬೆವರು. ಪೀಟರ್ ಓಟೂಲ್ ಈ ಸಿನಿಮಾದ ಬೇರೆ ಕಡೆ ಸ್ವಲ್ಪ ಜಾಸ್ತಿ ಮಾಡಿದ್ದಾರೆ ಅನಿಸಬಹುದು. ಇಲ್ಲಿ ಮಾತ್ರ ನನಗೆ ಉಸಿರು ಕಟ್ಟಿತು.

ಈ ದೃಶ್ಯದ ಹೊತ್ತಿಗೆ ಕೊಲೆಗಾರ ಯಾರು ಎಂಬುದು ಚಿಕ್ಕ ಮಕ್ಕಳಿಗೂ ಗೊತ್ತಾಗಿರುತ್ತದೆ. ಅದು ತಪ್ಪಲ್ಲ. ಯಾರು ಎಂದು ಗೊತ್ತಾದ ಮೇಲೆ, ಯಾಕೆ ಎಂಬ ಪ್ರಶ್ನೆ ದೊಡ್ಡದಾಗಬೇಕಿತ್ತು. ಈ ಮನುಷ್ಯನಿಗೆ ಸಾವಿರ ಜನರನ್ನು ಕೊಂದರೂ ಸಾಲದೆ ಒಬ್ಬಳನ್ನು ಕತ್ತಲಲ್ಲಿ ಕೊಲ್ಲಬೇಕು ಅನಿಸುವುದು ಯಾಕೆ? ಸಿನಿಮಾ ಆ ಬಾಗಿಲನ್ನು ತೆರೆದು, ಒಳಗೆ ಹೋಗದೆ, ಮತ್ತೆ ಸಂಚುಗಾರರ ಕೋಣೆಗೆ ಓಡುತ್ತದೆ.

ಆ ರಾತ್ರಿ ಟಾಂಜ್ ಇನ್ನೊಬ್ಬ ಹುಡುಗಿಯನ್ನು ಕೊಲ್ಲುತ್ತಾನೆ. ಹಾರ್ಟ್‌ಮನ್‌ನನ್ನು ಕೋಣೆಗೆ ಕರೆಸಿ, ಅಪರಾಧ ಅವನ ತಲೆಗೆ ಬರುವ ಹಾಗೆ ಮಾಡಿ, ಓಡಿಹೋಗು ಎನ್ನುತ್ತಾನೆ. ಓಡಿದರೆ ಕೊಲೆಗಾರ, ನಿಂತರೂ ಕೊಲೆಗಾರ. ಅಪ್ಪನ ಮುಖ ಕಪ್ಪಿಟ್ಟಿತು. ಡ್ರೈವರ್‌ಗಳ ಮೇಲೆ, ಆಳುಗಳ ಮೇಲೆ ಕೇಸು ಹೊರಿಸಿದ್ದನ್ನು ಅವರು ಬೇಕಾದಷ್ಟು ನೋಡಿದ್ದಾರೆ.

ಆಮೇಲೆ ಬಂತು ಆ ಒಂದು ನಿಮಿಷ. ಗ್ರಾವ್‌ಗೆ ಈಗ ಎಲ್ಲ ಗೊತ್ತಾಗಿದೆ. ಟಾಂಜ್‌ನನ್ನು ಬಂಧಿಸಲು ಅವನ ಕೋಣೆಗೇ ಹೋಗುತ್ತಾನೆ. ದಿನ ಯಾವುದು? ಜುಲೈ 20. ಹಿಟ್ಲರ್ ಬದುಕಿದ್ದಾನೆ ಎಂಬ ಸುದ್ದಿ ಬಂದ ಹೊತ್ತು. ಯಾರು ಯಾರನ್ನು ಬೇಕಾದರೂ ದ್ರೋಹಿ ಎಂದು ಕರೆದು ಕೊಲ್ಲಬಹುದಾದ ಹೊತ್ತು. ಟಾಂಜ್ ಪಿಸ್ತೂಲು ತೆಗೆದು ಗ್ರಾವ್‌ನನ್ನು ಹೊಡೆಯುತ್ತಾನೆ. ಇವನೂ ಸಂಚುಗಾರರಲ್ಲಿ ಒಬ್ಬ ಎನ್ನುತ್ತಾನೆ. ಮುಗಿಯಿತು. ಯಾರೂ ಕೇಳುವುದಿಲ್ಲ.

ಅಪ್ಪ ತುಂಬ ಹೊತ್ತು ಮಾತಾಡಲಿಲ್ಲ. ನಾನೂ ಸುಮ್ಮನಿದ್ದೆ. ದಾರಿ ತಪ್ಪಿ ಅಲೆಯುತ್ತಿದ್ದ ಎರಡೂ ಕಥೆಗಳು ಇಲ್ಲಿ, ಇದೊಂದೇ ಜಾಗದಲ್ಲಿ, ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಹಿಟ್ಲರ್‌ನನ್ನು ಕೊಲ್ಲುವ ಸಂಚು ಸೋತದ್ದರಿಂದಲೇ ಆ ವಾರ್ಸಾ ಹೆಂಗಸಿಗೆ ನ್ಯಾಯ ಸಿಗದೆ ಹೋಗುತ್ತದೆ. ಸಂಚಿನ ಕಥೆಯನ್ನು ಇಷ್ಟಕ್ಕೆ ಬೇಕಾದಷ್ಟೇ ಹೇಳಿದ್ದರೆ ಸಾಕಿತ್ತು. ಬಾಗಿಲಾಚೆಯ ರೇಡಿಯೋ ದನಿಯ ಹಾಗೆ. ನಾವು ಗ್ರಾವ್ ಜೊತೆಗೇ ಇರುತ್ತಿದ್ದೆವು. ಹೊರಗಿನ ಗದ್ದಲ ಅವನಿಗೆ ಎಷ್ಟು ಕೇಳಿಸುತ್ತದೋ ನಮಗೂ ಅಷ್ಟೇ ಕೇಳಿಸುತ್ತಿತ್ತು. ಆ ಗದ್ದಲವೇ ಅವನನ್ನು ಕೊಂದಾಗ ನಮಗೂ ಗುಂಡು ತಗಲುತ್ತಿತ್ತು.

ಇನ್ನು ಉಳಿದದ್ದು ಹ್ಯಾಂಬರ್ಗ್. ಇಪ್ಪತ್ತು ವರ್ಷದ ಮೇಲೆ ಅದೇ ರೀತಿಯ ಇನ್ನೊಂದು ಕೊಲೆ. ಮೊರಾನ್ ಈಗ ಇಂಟರ್‌ಪೋಲ್‌ನಲ್ಲಿದ್ದಾನೆ. ಗ್ರಾವ್ ಕೈಬಿಟ್ಟ ಎಳೆಯನ್ನು ಅವನು ಹಿಡಿಯುತ್ತಾನೆ. ಸಿನಿಮಾ ಈ ಭಾಗವನ್ನು ಕೊನೆಯಲ್ಲಿ ಒಟ್ಟಿಗೆ ಹೇಳದೆ, ಮಧ್ಯೆ ಮಧ್ಯೆ ತುಂಡು ತುಂಡಾಗಿ ತಂದಿದೆ. ವಾರ್ಸಾದಲ್ಲಿ ಇದ್ದಾಗ ಇದ್ದಕ್ಕಿದ್ದಂತೆ ನರೆಗೂದಲಿನ ಮೊರಾನ್ ಯಾರನ್ನೋ ವಿಚಾರಿಸುತ್ತಿರುತ್ತಾನೆ. ಅಮ್ಮನಿಗೆ ಇದರಿಂದ ತುಂಬ ಗೊಂದಲವಾಯಿತು. ಇವನು ಆಗ ಸತ್ತನಾ, ಈಗ ಇದ್ದಾನಾ ಎಂದು ಎರಡು ಸಲ ಕೇಳಿದರು. ನನಗೆ ಅದು ಅಮ್ಮನ ತಪ್ಪು ಅನಿಸಲಿಲ್ಲ.

ಟಾಂಜ್ ಯುದ್ಧಾಪರಾಧಕ್ಕೆ ಜೈಲಿನಲ್ಲಿದ್ದು ಹೊರಗೆ ಬಂದಿದ್ದಾನೆ. ಅವನ ಹಳೆಯ ನಿಬೆಲುಂಗೆನ್ ಡಿವಿಜನ್‌ನವರು ಸಮಾರಂಭಕ್ಕೆ ಸೇರಿದ್ದಾರೆ. ಅವನು ಇನ್ನೂ ಅವರ ವೀರ. ಮೊರಾನ್ ಅಲ್ಲಿಗೆ ಹಾರ್ಟ್‌ಮನ್‌ನನ್ನು ಕರೆತರುತ್ತಾನೆ. ಎದುರು ನಿಂತ ಸಾಕ್ಷಿಯನ್ನು ನೋಡಿದ ಟಾಂಜ್ ಒಳಗೆ ಹೋಗಿ ಗುಂಡು ಹಾರಿಸಿಕೊಳ್ಳುತ್ತಾನೆ. ಕೊನೆಯ ಹೆಸರುಗಳು ಮೇಲೇರತೊಡಗಿದವು.

ಅಪ್ಪನಿಗೆ ಸಮಾಧಾನವಾಗಲಿಲ್ಲ. "ಅವನ ಹೇಳಿಕೆ ತಗೊಳ್ಳಲೇ ಇಲ್ಲ. ಯಾಕೆ ಮಾಡಿದೆ ಅಂತ ಒಂದು ಮಾತು ಕೇಳಲಿಲ್ಲ."

ನಾನು ಸ್ವಲ್ಪ ವಾದ ಮಾಡಿದೆ. ಯುದ್ಧವೇ ಹಾಗಲ್ವಾ ಅಪ್ಪ, ಅಲ್ಲಿ ಯಾವುದೂ ಒಂದು ನೇರಕ್ಕೆ ಇರಲ್ಲ, ಸಿನಿಮಾವೂ ಅದನ್ನೇ ತೋರಿಸಲು ಹೊರಟಿರಬಹುದು ಎಂದೆ. ನನಗೆ ಆ ಮಾತಿನ ಮೇಲೆ ಆಗ ನಂಬಿಕೆ ಇತ್ತು. ಅಪ್ಪ ಒಪ್ಪಲಿಲ್ಲ. ಯುದ್ಧ ಹೇಗಾದರೂ ಇರಲಿ, ಬರೆಯುವವನ ಕೈ ನೆಟ್ಟಗಿರಬೇಕು ಎಂದರು. ಕೇಸ್ ಡೈರಿಯ ವಿಷಯ ಹೇಳಿದರು. ತನಿಖೆ ಮಾಡುವವರು ದಿನದಿನವೂ ಡೈರಿ ಬರೆಯಲೇಬೇಕು ಎಂಬುದು ಹಳೆಯ ಸಿಆರ್‌ಪಿಸಿಯ, ಅಂದರೆ ದಂಡ ಪ್ರಕ್ರಿಯಾ ಸಂಹಿತೆಯ, 172ನೇ ಕಲಮು. 2024ರಲ್ಲಿ ಹೊಸ ಕಾನೂನು ಬಂದು ಕಲಮಿನ ನಂಬರ್ ಬದಲಾಗಿದೆ, ಡೈರಿ ಹಾಗೇ ಇದೆ. ಎಷ್ಟು ಗಂಟೆಗೆ ಮಾಹಿತಿ ಬಂತು, ಎಷ್ಟು ಗಂಟೆಗೆ ಕೆಲಸ ಶುರು, ಎಲ್ಲಿ ಹೋದೆ, ಯಾರನ್ನು ನೋಡಿದೆ, ಎಷ್ಟಕ್ಕೆ ಮುಗಿಸಿದೆ. ಅಪ್ಪ ಇದರ ಮೇಲೆ ತಮ್ಮದೊಂದು ಪದ್ಧತಿ ಇಟ್ಟುಕೊಂಡಿದ್ದರಂತೆ. ಕೊಲೆ ಕೇಸಾದರೆ ಪ್ರತಿ ದಿನದ ಹಾಳೆಯ ತಲೆಯ ಮೇಲೆ ಸತ್ತವರ ಹೆಸರು. ಆಮೇಲೆ ಉಳಿದದ್ದು.

"ಎಲ್ಲಿ, ಹೇಳು ನೋಡೋಣ" ಎಂದರು. "ವಾರ್ಸಾದಲ್ಲಿ ಸತ್ತಳಲ್ಲ, ಅವಳ ಹೆಸರೇನು?"

ನಾನು ಅಮ್ಮನ ಮುಖ ನೋಡಿದೆ. ಅಮ್ಮ ನನ್ನ ಮುಖ ನೋಡಿದರು. ಟಾಂಜ್ ನೆನಪಿದ್ದಾನೆ, ಗ್ರಾವ್ ನೆನಪಿದ್ದಾನೆ, ಬರೀ ಮೂರು ನಿಮಿಷ ಬಂದುಹೋದ ರೊಮೆಲ್ ಕೂಡ ನೆನಪಿದ್ದಾನೆ. ಎರಡೂವರೆ ಗಂಟೆಯ ಸಿನಿಮಾ ಮುಗಿದು ಐದು ನಿಮಿಷವೂ ಆಗಿರಲಿಲ್ಲ. ಮೂವರಲ್ಲಿ ಒಬ್ಬರಿಗೂ ಅವಳ ಹೆಸರು ಬಾಯಿಗೆ ಬರಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಮಳೆ ಸ್ವಲ್ಪ ಇಳಿದಿತ್ತು. ಹೆಂಚಿನಿಂದ ನೀರು ಬೀಳುವ ಸದ್ದು ಮಾತ್ರ. ಅಮ್ಮ ಅನ್ನ ಬಡಿಸುತ್ತಾ ಕೇಳಿದರು. "ಆ ನಾಲೆ ಹೆಂಗಸಿನ ಹೆಸರೂ ನಿಮಗೆ ಗೊತ್ತಾಗಲೇ ಇಲ್ಲವಲ್ಲ. ಹಾಳೆ ತಲೆ ಮೇಲೆ ಏನಂತ ಬರೀತಿದ್ರಿ?"

ಅಪ್ಪ ಕೈ ತುತ್ತನ್ನು ತಟ್ಟೆಯಲ್ಲೇ ಇಟ್ಟರು. ಯೋಚಿಸಲು ಒಂದು ಕ್ಷಣವೂ ತೆಗೆದುಕೊಳ್ಳಲಿಲ್ಲ.

"ಅಪರಿಚಿತ ಹೆಂಗಸು. ವಯಸ್ಸು ಸುಮಾರು 25. ಎತ್ತರ 5 ಅಡಿ 1 ಅಂಗುಲ. ಎಣ್ಣೆಗೆಂಪು ಮೈಬಣ್ಣ, ದುಂಡು ಮುಖ, ಸಾಧಾರಣ ಮೈಕಟ್ಟು. ಹಸಿರು ಸೀರೆ, ಬಿಳಿ ರವಿಕೆ. ಎಡಗಾಲಿನಲ್ಲಿ ಒಂದು ಕಾಲುಂಗುರ. ಬಲ ಮುಂಗೈ ಮೇಲೆ ತುಳಸಿಕಟ್ಟೆಯ ಹಚ್ಚೆ."

ಅಮ್ಮ ತಮ್ಮ ಬಲ ಮುಂಗೈಯನ್ನು ಸೆರಗಿನಿಂದ ಒರೆಸಿಕೊಂಡರು. ಸಾರಿನ ಪಾತ್ರೆ ತರಲು ಒಳಗೆ ಹೋದರು.